ಕಣ್ಣು ಮಸುಕಾದ ಮೇಲೆ ಓದಲು: ಕೈ ಭೂತಗನ್ನಡಿ, ಸ್ಟ್ಯಾಂಡ್ ಮ್ಯಾಗ್ನಿಫೈಯರ್, ಮೊಬೈಲ್

ದಿನಪತ್ರಿಕೆ ಓದುವುದೇ ನಿಮಗೆ ಮುಖ್ಯವಾಗಿದ್ದರೆ ದೀಪವಿರುವ ಸ್ಟ್ಯಾಂಡ್ ಮ್ಯಾಗ್ನಿಫೈಯರನ್ನೇ ಕೊಳ್ಳಿ ಎಂದು ಮೊದಲೇ ಹೇಳಿಬಿಡುತ್ತೇನೆ. 72ನೆಯ ವಯಸ್ಸಿನಲ್ಲಿ ಎರಡೂ ಕಣ್ಣುಗಳಿಗೆ ಮ್ಯಾಕ್ಯುಲರ್ ಡಿಜೆನರೇಷನ್ (ಕಣ್ಣಿನ ಒಳಪರದೆಯ ನಡುಭಾಗ ಕೆಡುವ ಕಾಯಿಲೆ) ಬಂದು, ನೋಟದ ನಡುಭಾಗ ಮಸುಕಾಗಿ ಅಂಚು ಮಾತ್ರ ಉಳಿದ ಮೇಲೆ, ಕನ್ನಡಕದ ನಂಬರು ಬದಲಿಸಿ ಪ್ರಯೋಜನವಿಲ್ಲವೆಂದು ವೈದ್ಯರು ತಿಳಿಸಿದರು. ಅಲ್ಲಿಂದ ಎರಡು ವರ್ಷಗಳಲ್ಲಿ ಮೂರು ಸಾಧನಗಳನ್ನು ಬಳಸಿ ನೋಡಿದ್ದೇನೆ.

ಮೊದಲು ತರಿಸಿದ್ದು ಹತ್ತು ಪಟ್ಟು ಹಿಗ್ಗಿಸುವ ಕೈ ಭೂತಗನ್ನಡಿ. ಪಟ್ಟು ಹೆಚ್ಚಿದಷ್ಟೂ ಅನುಕೂಲ ಹೆಚ್ಚೆಂದು ನಂಬಿ, ಯಾರನ್ನೂ ಕೇಳದೆ ಕೊಂಡದ್ದು ತಪ್ಪಾಯಿತು. ಮಸೂರದ ಶಕ್ತಿ ಏರಿದಂತೆ ಅದರ ಅಗಲವೂ, ಹಾಳೆಯಿಂದ ಅದನ್ನು ಹಿಡಿಯಬೇಕಾದ ದೂರವೂ ಕುಗ್ಗುತ್ತವೆ. ಹತ್ತು ಪಟ್ಟಿನದನ್ನು ಸುಮಾರು 2.5 ಸೆಂ.ಮೀ. ಎತ್ತರದಲ್ಲಿ ಅಲುಗದಂತೆ ಹಿಡಿದು, ಕಣ್ಣನ್ನೂ ಅದರ ಸಮೀಪಕ್ಕೆ ತರಬೇಕು. ನನ್ನ ಕೈ ಸ್ವಲ್ಪ ನಡುಗುತ್ತದೆ; ಬಗ್ಗಿದರೆ ತಲೆಯ ನೆರಳು ಹಾಳೆಯ ಮೇಲೆಯೇ ಬೀಳುತ್ತದೆ.

ಅದಕ್ಕಿಂತ ದೊಡ್ಡ ತೊಡಕು ನಮ್ಮ ಲಿಪಿಯಿಂದ ಬಂತು. ಇಂಗ್ಲಿಷ್ ಅಕ್ಷರಗಳು ಒಂದೇ ಗೆರೆಯ ಮೇಲೆ ಸಾಗುತ್ತವೆ, ಕನ್ನಡದಲ್ಲಿ ಗುಡಿಸು ಮೇಲಿದ್ದರೆ ಒತ್ತು ಕೆಳಗಿರುತ್ತದೆ. ಆ ಮಸೂರದಲ್ಲಿ ನನಗೆ ಒಮ್ಮೆಗೆ ಕಾಣುತ್ತಿದ್ದುದು ಎರಡು ಮೂರು ಅಕ್ಷರಗಳು ಮಾತ್ರ. ಕೈ ಕೂದಲೆಳೆಯಷ್ಟು ಮೇಲಕ್ಕೆ ಸರಿದರೂ ಒತ್ತು ಅಂಚಿನಾಚೆ ಉಳಿದು ‘ಎಣ್ಣೆ’ ಎಂಬುದು ‘ಎಣೆ’ಯಾಗುತ್ತಿತ್ತು, ಕೆಳಕ್ಕೆ ಸರಿದರೆ ಗುಡಿಸು ಮಾಯವಾಗುತ್ತಿತ್ತು. ‘ಪ’ ಯಾವುದು, ಹೊಟ್ಟೆ ಸೀಳಿದ ‘ಷ’ ಯಾವುದು ಎಂದು ಅದೇ ಪದಕ್ಕೆ ಮತ್ತೆ ಮತ್ತೆ ಹಿಂದಿರುಗಬೇಕಾಗುತ್ತಿತ್ತು. ಸಾಲಿನ ಕೊನೆ ಮುಟ್ಟಿ ಮುಂದಿನ ಸಾಲಿನ ಆರಂಭವನ್ನು ಹುಡುಕುವಷ್ಟರಲ್ಲಿ ಓದಿದ್ದು ಮರೆತುಹೋಗುತ್ತಿತ್ತು. ನಲವತ್ತು ವರ್ಷ ಬೆಳಗಿನ ಕಾಫಿಯ ಜೊತೆ ಪತ್ರಿಕೆ ಓದಿದವನಿಗೆ ಇದು ಬಹಳ ನೋವು ಕೊಟ್ಟಿತು.

ಸ್ಟ್ಯಾಂಡ್ ಮ್ಯಾಗ್ನಿಫೈಯರ್ ನಾಲ್ಕು ಪಟ್ಟಿನದು, 1,800 ರೂಪಾಯಿ ಕೊಟ್ಟೆ. ಅದರ ಕಾಲುಗಳು ಹಾಳೆಯ ಮೇಲೆಯೇ ಕೂರುವುದರಿಂದ ದೂರ ತಾನಾಗಿ ಸರಿಯಿರುತ್ತದೆ, ಕೈ ನಡುಗಿದರೂ ಅಕ್ಷರ ಕದಲುವುದಿಲ್ಲ. ಏಳೆಂಟು ಅಕ್ಷರಗಳು ಒತ್ತಿನ ಸಮೇತ ಕಾಣುತ್ತವೆ. ಸಾಲಿನ ಕೆಳಗೆ ಒಂದು ಅಡಿಪಟ್ಟಿಯನ್ನಿಟ್ಟು ಅದರ ಅಂಚಿಗೆ ತಾಗಿಸಿ ಸರಿಸಿದರೆ ಸಾಲು ತಪ್ಪುವುದಿಲ್ಲ. ಓದುವ ಕನ್ನಡಕವನ್ನು ಹಾಕಿಕೊಂಡೇ ಇದನ್ನು ಬಳಸಬೇಕೆಂಬುದು ನನಗೆ ತಿಳಿದಿರಲಿಲ್ಲ. ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಮಂದವಾದವರಿಗೆ ನೆರವಾಗುವ ಲೋ ವಿಷನ್ ವಿಭಾಗದ ಹುಡುಗಿ ಹೇಳಿಕೊಟ್ಟಳು. ನೇರವಾಗಿ ನೋಡದೆ ದೃಷ್ಟಿಯನ್ನು ತುಸು ಪಕ್ಕಕ್ಕೆ ಸರಿಸಿ ಓದುವ ಅಭ್ಯಾಸವನ್ನೂ ಅವಳೇ ಮಾಡಿಸಿದಳು. ದಪ್ಪ ಪುಸ್ತಕದ ನಡುಮಡಿಕೆಯಲ್ಲಿ ಮಾತ್ರ ಇದು ಸಮನಾಗಿ ಕೂರುವುದಿಲ್ಲ.

ಮಾತ್ರೆಯ ಹಾಳೆಯ ಮೇಲೂ ಇದು ಸೋಲುತ್ತದೆ, ಏಕೆಂದರೆ ಬೆಳ್ಳಿಬಣ್ಣದ ಹಾಳೆಗೆ ದೀಪ ಬಿದ್ದು ಕಣ್ಣು ಕುಕ್ಕುತ್ತದೆ. ಅಲ್ಲಿ ಮೊಬೈಲ್ ವಾಸಿ: ಹಾಳೆಯನ್ನು ಓರೆಯಾಗಿ ಹಿಡಿದು ಫೋಟೊ ತೆಗೆದು, ಎರಡು ಬೆರಳಿನಿಂದ ಹಿಗ್ಗಿಸಿದರೆ ಅವಧಿ ಮುಗಿಯುವ ತಿಂಗಳು ಕಾಣುತ್ತದೆ. ಬಸ್ಸಿನ ಬೋರ್ಡಿಗೂ ಅಂಗಡಿಯ ಚೀಟಿಗೂ ಅದನ್ನೇ ಬಳಸುತ್ತೇನೆ. ಪತ್ರಿಕೆ ಓದಲು ಮಾತ್ರ ಅದು ಒಗ್ಗಲಿಲ್ಲ. ಹತ್ತು ನಿಮಿಷ ಎತ್ತಿ ಹಿಡಿದರೆ ತೋಳು ನೋಯುತ್ತದೆ.

ಮೇಜಿನ ಮೇಲಿಟ್ಟು, ಅಕ್ಷರಗಳನ್ನು ಪರದೆಯ ಮೇಲೆ ಹಿಗ್ಗಿಸಿ ತೋರಿಸುವ ಎಲೆಕ್ಟ್ರಾನಿಕ್ ಯಂತ್ರವನ್ನೂ ವಿಚಾರಿಸಿದೆ, ಆದರೆ ಅದರ ಬೆಲೆ ನನ್ನ ಪಿಂಚಣಿಗೆ ನಿಲುಕುವಂಥದ್ದಲ್ಲ. ಸದ್ಯ ಸ್ಟ್ಯಾಂಡ್ ಮ್ಯಾಗ್ನಿಫೈಯರ್ ಪಡಸಾಲೆಯ ಕಿಟಕಿಯ ಬಳಿ, ಅಡಿಪಟ್ಟಿಯ ಜೊತೆಗೆ ಇರುತ್ತದೆ. ಬೆಳಿಗ್ಗೆ ಸಂಪಾದಕೀಯವನ್ನು ಪೂರ್ತಿ ಓದುತ್ತಿದ್ದೇನೆ.