ಬಿಸಿನೀರಲ್ಲಿ ಮೆತ್ತಗಾಗಿಸಿ ಕಚ್ಚುವ ನೈಟ್ ಗಾರ್ಡ್: ಮೈಗ್ರೇನ್ ಇರುವವರು ಕೊಳ್ಳಬಹುದೇ?

ಮೆಡಿಕಲ್ ಶಾಪ್‌ಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುವ ಈ ಗಾರ್ಡ್, ನಿದ್ದೆಯಲ್ಲಿ ಹಲ್ಲು ಕಡಿಯುವವರ ಹಲ್ಲು ಸವೆಯದಂತೆ ಕಾಯುತ್ತದೆ. ಬೆಳಿಗ್ಗೆ ಎದ್ದಾಗ ದವಡೆ, ಕೆನ್ನೆ ಬಿಗಿದಿರುವವರಿಗೆ ಸ್ವಲ್ಪ ಹಗುರವೂ ಆಗಬಹುದು. ಆದರೆ ಇದು ಮೈಗ್ರೇನ್‌ಗೆ ಮದ್ದಲ್ಲ.

ಕುದಿಸಿದ ನೀರಿನಲ್ಲಿ ಪೊಟ್ಟಣದ ಮೇಲೆ ಬರೆದಷ್ಟೇ ಸೆಕೆಂಡು ಇಡಿ. ಹೆಚ್ಚಾದರೆ ಕಚ್ಚಿದ ಜಾಗ ತೆಳುವಾಗಿ ಬೇಗ ತೂತು ಬೀಳುತ್ತದೆ. ಕಡಿಮೆಯಾದರೆ ಅಚ್ಚು ಸರಿಯಾಗಿ ಮೂಡದೆ ರಾತ್ರಿ ಕಳಚಿಕೊಳ್ಳುತ್ತದೆ. ನೀರು ಕೊಡವಿ, ಮೇಲಿನ ಹಲ್ಲಿಗೆ ಕೂರಿಸಿ, ಹದವಾಗಿ ಕಚ್ಚಿ. ಹೊರಗಿನಿಂದ ಬೆರಳಲ್ಲಿ, ಒಳಗಿನಿಂದ ನಾಲಿಗೆಯಲ್ಲಿ ಒತ್ತಿ, ಆಮೇಲೆ ತಣ್ಣೀರಿಗೆ ಹಾಕಿ. ಮುಂದಿನ ಹಲ್ಲುಗಳನ್ನಷ್ಟೇ ಮುಚ್ಚುವ ಮಾದರಿಯನ್ನು ದಂತವೈದ್ಯರನ್ನು ಕೇಳದೆ ಹಾಕಬೇಡಿ, ದವಡೆಹಲ್ಲುಗಳ ಹೊಂದಾಣಿಕೆ ಕೆಡಬಹುದು. ಮೆದು ಗಾರ್ಡ್ ಹಾಕಿಕೊಂಡರೆ ಕೆಲವರು ಇನ್ನೂ ಗಟ್ಟಿಯಾಗಿ ಕಚ್ಚುತ್ತಾರೆ. ದುಬಾರಿಯಾದರೂ, ಅಳತೆ ತೆಗೆದು ಮಾಡಿಸುವ ಗಟ್ಟಿ ಅಕ್ರಿಲಿಕ್ ಗಾರ್ಡೇ ಮೇಲು.

ಕೊಳ್ಳುವ ಮುಂಚೆ ನೋವು ಯಾವುದೆಂದು ತಿಳಿಯಿರಿ. ಹಲ್ಲು, ಕೆನ್ನೆ, ಮಿದುಳಿನ ಹೊದಿಕೆ, ಈ ಮೂರರ ನೋವನ್ನೂ ಸಾಗಿಸುವುದು ಟ್ರೈಜೆಮಿನಲ್ ನರವೇ. ಹಾಗಾಗಿ ಮೈಗ್ರೇನ್ ಮೇಲಿನ ಹಲ್ಲಿನಲ್ಲೇ ಕಾಣಿಸಿಕೊಂಡು, ಗಟ್ಟಿಮುಟ್ಟಾದ ಹಲ್ಲಿಗೆ ರೂಟ್ ಕೆನಾಲ್ ಆಗಿಬಿಡುವುದುಂಟು. ತಣ್ಣೀರಿಗೆ ಜುಮ್ಮೆಂದರೆ, ಒಂದೇ ಹಲ್ಲು ತಟ್ಟಿದಾಗ ನೋವಾದರೆ ಮೊದಲು ದಂತವೈದ್ಯರ ಬಳಿ ಹೋಗಿ. ಎಕ್ಸ್-ರೇ ಸರಿಯಿದ್ದು, 4ರಿಂದ 72 ಗಂಟೆ ಮಿಡಿಯುವ ನೋವಿನ ಜೊತೆ ವಾಕರಿಕೆ ಬಂದು ಬೆಳಕು ಸಹಿಸಲಾಗದಿದ್ದರೆ ನರರೋಗ ತಜ್ಞರನ್ನು ಕಾಣಿ. ಅಲ್ಲಿಯವರೆಗೆ ನೋವಿನ ಮಾತ್ರೆಗಳ ಲೆಕ್ಕ ಬರೆದಿಡಿ: ಪ್ಯಾರಸಿಟಮಾಲ್‌ನಂಥವನ್ನೂ ತಿಂಗಳಿಗೆ 15 ದಿನ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರಬಹುದು.