ಡಾರ್ಕೆಸ್ಟ್ ಡಂಜನ್: ಮಾಡ್ ಮಾಡೋಕೆ ತಗೊಂಡ್ರೆ ಹೆಂಗೆ?

ಗೇಮ್ ಹೆಂಗಿದೆ ಅಂತ ಇಷ್ಟೊತ್ತಿಗೆ ಎಲ್ರಿಗೂ ಗೊತ್ತು, 2016ರ ಜನವರಿದು, ಕೆನಡಾದ ರೆಡ್ ಹುಕ್ ಸ್ಟುಡಿಯೋಸ್‌ದು, ನಾಲ್ಕು ಜನ ಹೀರೋಗಳನ್ನ ಪಂಜು ಹಿಡಿಸಿ ಗುಹೆ ಒಳಗೆ ಕಳಿಸಿ ಸಾಯಿಸೋದು, ಅಷ್ಟೇ. ನಾನು ಸೇಲ್‌ನಲ್ಲಿ ತಗೊಂಡಿದ್ದು ಆಡೋಕಿಂತ ಜಾಸ್ತಿ ಮಾಡ್ ಮಾಡೋಕೆ, ಅಂದ್ರೆ ಗೇಮ್ ಫೈಲ್‌ಗಳಲ್ಲಿ ಹೀರೋಗಳ ಹಿಂದೆ ಕಾಣೋ ಚಿತ್ರಗಳನ್ನ ತೆಗೆದು ನಂದು ಹಾಕೋಕೆ. ಆ ಲೆಕ್ಕದಲ್ಲಿ ಸಖತ್ ಗೇಮ್ ಗುರು.

ಯಾಕಂದ್ರೆ ಇದ್ರಲ್ಲಿ ಚಿತ್ರಗಳನ್ನ ಬಚ್ಚಿಟ್ಟಿಲ್ಲ. ಡಂಜನ್ಸ್ ಫೋಲ್ಡರ್ ತೆಗೆದ್ರೆ ಒಂದೊಂದು ಜಾಗಕ್ಕೂ ಒಂದೊಂದು ಫೋಲ್ಡರ್, ಒಳಗೆ ಮಾಮೂಲಿ ಪಿಎನ್‌ಜಿ ಚಿತ್ರದ ಫೈಲ್‌ಗಳು. ಆಟದಲ್ಲಿ ರೂಯಿನ್ಸ್ ಅಂತ ಒಂದು ಜಾಗ ಇದೆಯಲ್ಲ, ಫೋಲ್ಡರ್‌ನಲ್ಲಿ ಅದ್ರ ಹೆಸರು ಕ್ರಿಪ್ಟ್ಸ್, ರೂಯಿನ್ಸ್ ಅಂತ ಹುಡುಕಿ ಅರ್ಧ ಗಂಟೆ ಕಳ್ಕೊಂಡೆ. ರೂಮಿಗೆ ಒಂದು ದೊಡ್ಡ ಚಿತ್ರ ಸಾಕು. ಕಾರಿಡಾರ್ ಹಂಗಲ್ಲ, ಗೋಡೆ ತುಂಡು ತುಂಡಾಗಿ ಅಕ್ಕಪಕ್ಕ ಜೋಡಿಸ್ಕೊಂಡು ಹೋಗುತ್ತೆ, ಹಿಂದೆ ಇನ್ನೂ ಪದರಗಳಿರುತ್ತವೆ, ಹಿಂದಿನದು ನಿಧಾನಕ್ಕೆ ಸರಿಯುತ್ತೆ. ತುಮಕೂರು ರೈಲಲ್ಲಿ ಕಿಟಕಿ ಪಕ್ಕ ಕೂತ್ರೆ ಕಂಬಗಳು ಸರಸರ ಓಡ್ತವೆ, ಶಿವಗಂಗೆ ಬೆಟ್ಟ ಮಾತ್ರ ನಮ್ ಜೊತೇಲೇ ಬರೋ ಥರ ಇರುತ್ತಲ್ಲ, ಅದೇ ಕತೆ. ಗೋಡೇಲಿ ಎಲ್ಲಿ ತೂತು ಬೇಕೋ ಅಲ್ಲಿ ಪಾರದರ್ಶಕ ಬಿಡ್ಬೇಕು, ಇಲ್ಲಾಂದ್ರೆ ಹಿಂದಿನ ಪದರ ಇದ್ದೂ ಇಲ್ಲ.

ನಾನು ಮಾಡಿದ್ದು ಏನಪ್ಪಾ ಅಂದ್ರೆ, ಕೆ.ಆರ್. ಮಾರ್ಕೆಟ್ ಮೆಟ್ರೋ ಇಳಿದು ಪಕ್ಕದ ಕೋಟೆಗೆ ಹೋಗಿ ಗೋಡೆ ಫೋಟೋ ತೆಗೆದೆ. ಕೆಂಪೇಗೌಡ್ರು 1537ರಲ್ಲಿ ಕಟ್ಸಿದ್ದು ಮಣ್ಣಿನ ಕೋಟೆ, ಕಲ್ಲು ಬಂದಿದ್ದು 1761ರಲ್ಲಿ ಹೈದರಾಲಿ ಕಾಲಕ್ಕೆ, ಆ ಕಲ್ಲೇ ನಂಗೆ ಬೇಕಿತ್ತು. ಫೋಟೋ ಹಂಗೇ ಹಾಕಿದ್ರೆ ಥೂ, ಮದುವೆ ಮನೆ ಬ್ಯಾನರ್ ಥರ ಕಾಣ್ಸುತ್ತೆ, ಯಾಕಂದ್ರೆ ಆಟದ ಚಿತ್ರಗಳೆಲ್ಲಾ ದಪ್ಪ ಕಪ್ಪು ಇಂಕಿನವು, ನೆರಳು ಅಂದ್ರೆ ಪೂರ್ತಿ ಕಪ್ಪೇ. ಜಿಂಪ್ ಅನ್ನೋ ಚಿತ್ರ ತಿದ್ದೋ ಸಾಫ್ಟ್‌ವೇರ್‌ನಲ್ಲಿ ಬಣ್ಣ ಕಮ್ಮಿ ಮಾಡಿ, ಮೇಲೆ ಕೈಯಲ್ಲೇ ಗೆರೆ ಎಳೆದೆ. ಆಮೇಲೆ ಆಫ್‌ಸೆಟ್ ಕೊಟ್ಟು ಚಿತ್ರಾನ ಅರ್ಧಕ್ಕೆ ಸರಿಸಿದ್ರೆ ಅಂಚಿನ ಹೊಲಿಗೆ ನಡುಮಧ್ಯಕ್ಕೆ ಬರುತ್ತೆ, ಅಲ್ಲೇ ತಿದ್ದಬಹುದು. ಇದು ಮಾಡ್ದೆ ಹಾಕಿದ್ರೆ ಹೀರೋಗಳು ನಡೆಯುವಾಗ ನಾಲ್ಕು ಹೆಜ್ಜೆಗೊಂದು ಬಿರುಕು.

ಇನ್ನೊಂದು, ಪಂಜು ಆರ್ತಾ ಹೋದಂಗೆ ಗೇಮೇ ಕತ್ತಲೆ ಮಾಡುತ್ತೆ. ನಾನು ಮೊದಲೇ ಕತ್ತಲಾಗಿ ಬರೆದು ಮೇಲೆ ಅದ್ರ ಕತ್ತಲೆನೂ ಸೇರಿ ಕೋಟೆ ಬದ್ಲು ಲೋಡ್ ಶೆಡ್ಡಿಂಗ್ ಬಂತು. ಒಂದು ಚೂರು ಬೆಳಕಾಗೇ ಬಿಡಿ.

ಫೈಲ್ ಹೆಸರು ಅಕ್ಷರಕ್ಕೆ ಅಕ್ಷರ ಹಳೇದೇ ಇರ್ಬೇಕು, ಅಳತೆನೂ. ಒಂದು ಚುಕ್ಕೆ ಬಿಟ್ಟು ಸೇವ್ ಮಾಡಿ ಒಂದು ಶನಿವಾರ ಪೂರ್ತಿ ಹಳೇ ಗೋಡೆನೇ ನೋಡ್ಕೊಂಡು ಕೂತಿದ್ದೆ, ತಪ್ಪು ನಂದೇ. ಮೂಲ ಫೈಲ್ ಮೇಲೆ ಮಾತ್ರ ಕೂರಿಸ್ಬೇಡಿ, ಮಾಡ್ಸ್ ಫೋಲ್ಡರ್‌ನಲ್ಲಿ ಅದೇ ಹೆಸರಿನ ಫೋಲ್ಡರ್‌ಗಳನ್ನ ಒಂದರೊಳಗೊಂದು ಮಾಡಿ ಇಡಿ, ಬೇಡಾದ್ರೆ ಗೇಮ್‌ನ ಮಾಡ್ ಲಿಸ್ಟಿಂದ ತೆಗೆದ್ರಾಯ್ತು.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಯಾಕಂದ್ರೆ ಚಿತ್ರ ಹಾಕಿ ನೋಡೋಕೆ ಒಳಗೇ ಒಂದು ಎಡಿಟರ್ ಇಲ್ಲ, ಪ್ರತಿ ಸಲ ಗೇಮ್ ಬಿಟ್ಟು ಮತ್ತೆ ಹತ್ಬೇಕು. ನಂದು ಗೋಡೆ ಮುಗೀತು, ಬಾಗಿಲು ಬಾಕಿ, ಈ ಭಾನುವಾರ ಮತ್ತೆ ಮಾರ್ಕೆಟ್‌ಗೆ ಹೋಗ್ಬೇಕು.