ಏರ್‌ಬ್ಯಾಗ್ ಲೈಟ್ ಆರಿದ ಮಾತ್ರಕ್ಕೆ ಬಿಲ್ ಕಟ್ಟಬೇಡಿ

ಹಾಸನದ ಸುತ್ತಮುತ್ತ ಹಳೆ ಕಾರು ಓಡಿಸುವವರು, ಸೆಕೆಂಡ್ ಹ್ಯಾಂಡ್ ಹುಡುಕುತ್ತಿರುವವರು ಸ್ವಲ್ಪ ಗಮನಿಸಿ.

ನಮ್ಮದು 2012ರ ಮಾಡೆಲ್. ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಎಚ್ಚರಿಕೆ ಲೈಟ್ ಹತ್ತಿದ್ದು ಆರಲೇ ಇಲ್ಲ. ಜೊತೆಗೆ ಹಾರ್ನ್ ಕೂಡ ಕೈಕೊಡುತ್ತಿತ್ತು. ಸ್ಟೀರಿಂಗ್ ನೇರ ಇದ್ದರೆ ಬರುತ್ತದೆ, ತಿರುಗಿಸಿದರೆ ಇಲ್ಲ. ಶಿರಾಡಿ ಘಾಟಿಯಲ್ಲಿ ಹಾರ್ನ್ ಬೇಕಾಗುವುದೇ ತಿರುವಿನಲ್ಲಿ ಅಲ್ವಾ! ಎರಡನ್ನೂ ಹೇಳಿಯೇ ಊರಿನ ಒಂದು ಗ್ಯಾರೇಜಿಗೆ ಬಿಟ್ಟೆ.

ಅಲ್ಲಿ ಒಂದು ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ, ಮೊಬೈಲ್ ನೋಡಿ, "ಯಾವ ಕೋಡೂ ಇಲ್ಲ ಸಾರ್, ಸೆನ್ಸರ್‌ಗೆ ಧೂಳು" ಅಂದರು. ಕೋಡ್ ಅಂದರೆ ದೋಷ ಎಲ್ಲಿದೆ ಅಂತ ಗಾಡಿಯ ಕಂಪ್ಯೂಟರ್ ಬರೆದಿಡುವ ಗುರುತು. ಅಂಥ ಅಗ್ಗದ ಸ್ಕ್ಯಾನರ್ ಸಾಮಾನ್ಯವಾಗಿ ಇಂಜಿನ್ ಕೋಡ್ ಮಾತ್ರ ಓದುತ್ತದೆ. ಏರ್‌ಬ್ಯಾಗ್‌ನದು 'ಬಿ' ಅಕ್ಷರದಿಂದ ಶುರುವಾಗುವ ಕೋಡ್, ಅದನ್ನು ಓದುವ ಸ್ಕ್ಯಾನರೇ ಬೇರೆ. ಸಂಜೆ ಹೋದಾಗ ಲೈಟ್ ಇರಲಿಲ್ಲ. ಬಿಲ್ ಮೂರೂವರೆ ಸಾವಿರ, 'ಸೆನ್ಸರ್ ಕ್ಲೀನಿಂಗ್'.

ಕೀ ಆನ್ ಮಾಡಿದೆ. ಬ್ಯಾಟರಿ ಲೈಟ್ ಬಂತು, ಆಯಿಲ್ ಲೈಟ್ ಬಂತು. ಏರ್‌ಬ್ಯಾಗ್ ಚಿತ್ರ ಮಾತ್ರ ಬರಲಿಲ್ಲ. ಕೀ ಹಾಕಿದಾಗ ಅದು ಕೆಲವು ಸೆಕೆಂಡ್ ಹತ್ತಿ ಆಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಕೈ ಹಾಕಿದ್ದಾರೆ ಅಥವಾ ಬಲ್ಬೇ ಹೋಗಿದೆ. ಕೇಳಿದ್ದಕ್ಕೆ, "ಲೈಟ್ ಹೋಗ್ಬೇಕು ಅಂದ್ರಲ್ಲಾ ಸಾರ್, ಹೋಗಿದೆ!" ಎಂಥ ಉತ್ತರ ನೋಡಿ. ಹಾರ್ನ್ ಹಳೇ ಕಥೆಯೇ.

ಇನ್ನೊಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಡ್ಯಾಶ್‌ಬೋರ್ಡಿನ ಮೀಟರ್ ಬಿಚ್ಚಿಸಿದೆ. ಲೈಟಿನ ಅಳತೆಗೆ ನೀಟಾಗಿ ಕತ್ತರಿಸಿದ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದ್ದರು. ಕೆಲಸ ಮಾತ್ರ ಅಚ್ಚುಕಟ್ಟು!

ಸರಿಯಾದ ಸ್ಕ್ಯಾನರ್ ಹಾಕಿದ ಮೇಲೆ ಡ್ರೈವರ್ ಏರ್‌ಬ್ಯಾಗ್ ಸರ್ಕ್ಯೂಟ್ ಓಪನ್, ಅಂದರೆ ವೈರ್ ಎಲ್ಲೋ ಕಡಿದಿದೆ ಅಂತ ಬಂತು. ಸ್ಟೀರಿಂಗ್ ಹಿಂದೆ ಕ್ಲಾಕ್ ಸ್ಪ್ರಿಂಗ್ ಅಂತ ಇರುತ್ತದೆ, ಸುರುಳಿ ಸುತ್ತಿದ ಪಟ್ಟಿ ಕೇಬಲ್. ಹಾರ್ನ್, ಏರ್‌ಬ್ಯಾಗ್ ಎರಡರ ವೈರೂ ಅದರಲ್ಲೇ ಹೋಗುತ್ತದೆ. ನಮ್ಮದರಲ್ಲಿ ಅದು ತುಂಡಾಗಿತ್ತು. ಹೊಸದು ಹಾಕಿಸಿದ ಮೇಲೆ ಎರಡೂ ಸರಿಯಾದವು.

ಎಲ್ಲ ಗಾಡಿಯಲ್ಲೂ ಇದೇ ಕಾರಣ ಅಂತಲ್ಲ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಸಡಿಲವಾದರೂ, ಸೀಟ್ ಬೆಲ್ಟ್ ಬಕಲ್ ಕೆಟ್ಟರೂ, ಬ್ಯಾಟರಿ ವೀಕ್ ಆದರೂ ಲೈಟ್ ಹತ್ತಬಹುದು. ಕೋಡ್ ನೋಡದೆ ಪಾರ್ಟ್ ಬದಲಿಸಲು ಒಪ್ಪಬೇಡಿ. ಬ್ಯಾಟರಿ ನೆಗೆಟಿವ್ ತೆಗೆದು ಸ್ವಲ್ಪ ಹೊತ್ತು ಕಾಯದೆ ಸ್ಟೀರಿಂಗ್ ಬಿಚ್ಚುವವರನ್ನೂ, ಏರ್‌ಬ್ಯಾಗ್‌ಗೇ ಮಲ್ಟಿಮೀಟರ್ (ಕರೆಂಟ್ ಅಳೆಯುವ ಸಾಧನ) ಹಿಡಿಯುವವರನ್ನೂ ಅಲ್ಲೇ ನಿಲ್ಲಿಸಿ. ಮಲ್ಟಿಮೀಟರಿನ ಸಣ್ಣ ಕರೆಂಟಿಗೂ ಏರ್‌ಬ್ಯಾಗ್ ಸಿಡಿಯುವ ಅಪಾಯ ಇದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ತಲೆನೋವು ಇನ್ನೂ ಜಾಸ್ತಿ. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಗಿದ್ದು 2019ರ ಜುಲೈನಿಂದ. ಅದಕ್ಕೂ ಹಿಂದಿನ ಎಷ್ಟೋ ಬೇಸಿಕ್ ಮಾಡೆಲ್‌ಗಳಲ್ಲಿ ಏರ್‌ಬ್ಯಾಗೇ ಇಲ್ಲ, ಹಾಗಾಗಿ ಮೊದಲು ಸ್ಟೀರಿಂಗ್ ಮೇಲೆ 'ಎಸ್‌ಆರ್‌ಎಸ್ ಏರ್‌ಬ್ಯಾಗ್' ಅಂತ ಇದೆಯಾ ನೋಡಿ. ಇದ್ದೂ ಲೈಟ್ ಹತ್ತದಿದ್ದರೆ ಅನುಮಾನ ಪಡಿ. ಆಕ್ಸಿಡೆಂಟ್ ಆದ ಗಾಡಿಗೆ ಏರ್‌ಬ್ಯಾಗ್ ಬದಲು, ಅದು ಇದೆ ಅಂತಲೇ ಗಾಡಿಯನ್ನು ನಂಬಿಸುವ ಒಂದು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಸಣ್ಣ ಬಿಡಿಭಾಗ) ಸಿಕ್ಕಿಸಿ ಮಾರುವವರೂ ಇದ್ದಾರೆ. ಅದರಲ್ಲಿ ಲೈಟ್ ಸರಿಯಾಗೇ ಹತ್ತಿ ಆರುತ್ತದೆ, ಸ್ಕ್ಯಾನರ್‌ಗೂ ಗೊತ್ತಾಗುವುದಿಲ್ಲ. ತಿಳಿದವರಿಂದ ಬಿಚ್ಚಿಸಿಯೇ ನೋಡಬೇಕು.